ಒತ್ತಿ ಹೇಳಿದ 'ನಾನು'

ಫೊರ್ಖ್‌ಹೈಮ್, ನವೆಂಬರ್ ಹದಿನಾಲ್ಕು

ಪ್ರೀತಿಯ ಒಟ್‌ಮಾರ್,

ಹೇಗಿದ್ದೀಯ ಮಾರಾಯ? ಜ್ವರ ಇಳಿಯಿತೇ? ಮೂರು ವಾರ ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಬರೆಯೋಣವೆಂದರೆ ನನ್ನ ಅಕ್ಷರ ನಿನಗೆ ಗೊತ್ತು, ಅದಕ್ಕೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ. ಅಲ್ಲದೆ ಈ ಸುದ್ದಿ ಕಾಗದದ ಮೇಲೆ ಕೇಳಿಸುವಂಥದ್ದಲ್ಲ. "ಯಾರ ಮೇಲೆ ಕೂಗಾಡ್ತಿದ್ದೀಯ, ಫೋನ್ ಮೇಲಾ?" ಎಂದು ರೊಸ್ವಿಥಾ ಅಡುಗೆಮನೆಯಿಂದ ಛೇಡಿಸುತ್ತಿದ್ದಾಳೆ. ಹೆಂಡತಿ ತಾನೇ, ಛೇಡಿಸಲಿ.

ಇವತ್ತು ಕೋರ್ಟಿನಲ್ಲಿ ನಮ್ಮ ಬಿಯರ್ ಕಾರ್ಖಾನೆಯ ಯಜಮಾನ ಟ್ಸೆಂಕ್ ತನ್ನ ಸಾಕ್ಷಿಯಾಗಿ ನನ್ನನ್ನು ನಿಲ್ಲಿಸಿದ. ಟ್ಯಾಂಕಿನ ವಾಲ್ವ್ ತೆರೆದಿಟ್ಟು ಆರು ಸಾವಿರ ಲೀಟರ್ ಬಿಯರನ್ನು ಚರಂಡಿಗೆ ಬಿಟ್ಟವನು ನೀನೇ, ಅದಕ್ಕೇ ನಿನ್ನನ್ನು ಕೆಲಸದಿಂದ ತೆಗೆದದ್ದು ಎಂದು ಅವನ ವಾದ. ಪುರಾವೆ ನನ್ನ ಒಂದೇ ಒಂದು ಮಾತು. ಅವತ್ತು ಪಾಳಿಯಲ್ಲಿದ್ದ ನಮ್ಮಿಬ್ಬರನ್ನೂ ನಿಲ್ಲಿಸಿ "ಯಾರು ಮಾಡಿದ್ದು?" ಎಂದಾಗ "ನಾನು ಮಾಡಿಲ್ಲ" ಎಂದೆನಲ್ಲ, ಅದು.

"ಇದ್ರಲ್ಲಿ ಒಟ್‌ಮಾರ್ ಹೆಸರೆಲ್ಲಿದೆ?" ಎಂದಳು ನಿನ್ನ ವಕೀಲೆ.

"ಹೆಸರು ಯಾಕಮ್ಮ?" ಎಂದ ಟ್ಸೆಂಕ್. "ಆ 'ಇಶ್', ಆ 'ನಾನು', ಅದನ್ನ ಇವನು ಹೇಗೆ ಒತ್ತಿದ ಅಂತ ಕಿವಿಯಾರೆ ಕೇಳಿದೀನಿ. ಇವನಲ್ಲ ಅಂದ್ಮೇಲೆ ಉಳಿದವನ್ಯಾರು?"

ನ್ಯಾಯಾಧೀಶೆ ನನ್ನತ್ತ ತಿರುಗಿ, "ಅವತ್ತು ಹೇಗೆ ಹೇಳಿದ್ರೋ ಹಾಗೇ ಹೇಳಿ," ಎಂದರು.

ಸಪ್ಪೆಯಾಗಿ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಗಂಟಲನ್ನು ಬಿಗಿಹಿಡಿದು, ಟಕ್ಕೆಂದು ಬಿಟ್ಟು, "ಇಶ್!" ಎಂದೆ. ಗುಮಾಸ್ತನ ಪೆನ್ನು ನಿಂತಿತು. ಟ್ಸೆಂಕ್ ನಕ್ಕ.

"ನಗಬೇಡಿ," ಎಂದೆ. "'ಇಲ್ಲ' ಅನ್ನೋದನ್ನ ಒತ್ತಿದ್ರೆ ಅದು ನನ್ನೊಬ್ಬನ ಮಾತು. 'ನಾನು' ಅನ್ನೋದನ್ನ ಒತ್ತಿದ್ರೆ ಪಕ್ಕದವನ ಕಡೆ ಬೆರಳು. ಹೌದು, ತೋರಿಸ್ದೆ. ಆದ್ರೆ ನಾನು ಏನೂ ನೋಡಿಲ್ಲ. ಅದು ಸಾಕ್ಷಿ ಅಲ್ಲ, ಹೆದರಿಕೆ. ಐವತ್ತನೇ ವಯಸ್ಸಲ್ಲಿ ಕೆಲಸ ಹೋದ್ರೆ ಇನ್ಯಾರು ಕರೀತಾರೆ ಅಂತ. ಆ ಹೆದರಿಕೆ ಇವತ್ತಿಗೆ ಮುಗೀತು."

"ನಾಳೆ ಕೆಲಸಕ್ಕೆ ಬರ್ತೀಯಲ್ಲ, ಎಗಿಡ್?" ಎಂದ ಟ್ಸೆಂಕ್.

"ಬರ್ತೀನಿ. ಬಾಗಿಲಲ್ಲೇ ನಿಂತಿರಿ!"

ನಿನ್ನನ್ನು ವಾಪಸ್ ತೆಗೆದುಕೊಳ್ಳಬೇಕೆಂದು ತೀರ್ಪಾಯಿತು ಕಣೋ. ತಲೆಯೆತ್ತಿಕೊಂಡು ಬಾ. ನಿನ್ನ ರಬ್ಬರ್ ಬೂಟು ಇಟ್ಟಲ್ಲೇ ಇದೆ. ಬೇಗ ಗುಣವಾಗು. ನಿನ್ನ ಮನೆಯಲ್ಲಿ ಎಲ್ಲರೂ ನಗುನಗುತ್ತಾ ಇರಲಿ.

ನಿನ್ನ
ಎಗಿಡ್

ತಾ.ಕ.: ರೆಕಾರ್ಡಿಂಗ್ ನಿಲ್ಲಿಸಿದ್ದವನು ಮತ್ತೆ ಶುರು ಮಾಡಿದ್ದೇನೆ. ಕೋರ್ಟಿನಲ್ಲಿ ಒಂದು ಮಾತು ನುಂಗಿಕೊಂಡೆ. ಅವತ್ತು ಆ ವಾಲ್ವನ್ನು ಕೊನೆಯಲ್ಲಿ ಮುಟ್ಟಿದವನು ನಾನು. ಮುಚ್ಚಿದೆನೋ ಇಲ್ಲವೋ ನನಗೇ ನೆನಪಿಲ್ಲ. ಅದಕ್ಕೇ ಅಷ್ಟು ಜೋರಾಗಿ ಒತ್ತಿದ್ದು. ನೀನು ಆಗ ನನ್ನ ಮುಖ ನೋಡಿದೆ, ಬಾಯಿ ಬಿಡಲಿಲ್ಲ. ನಾಳೆ ಬಾಗಿಲಲ್ಲೇ ಟ್ಸೆಂಕ್‌ಗೆ ಹೇಳುತ್ತೇನೆ, ವಾಲ್ವ್ ತೆರೆದಿಟ್ಟವನು ನಾನಿರಬಹುದು ಎಂದು. ಯಾವ ಅಕ್ಷರವನ್ನೂ ಒತ್ತದೆ.