ನನ್ನ ಮದುವೆಗೆ ನನ್ನದೇ ತಕರಾರು

ನನ್ನಪ್ಪನಿಗೆ,

ಕೇಳಿದೆಯಾ ಅಪ್ಪ, ನಿನ್ನ ಮಗಳು ತುಂಬಿದ ಚರ್ಚಿನಲ್ಲಿ ಎದ್ದು ನಿಂತು ತನ್ನ ಮದುವೆಯನ್ನೇ ಬೇಡ ಅಂದುಬಿಟ್ಟಳು! ನಿನಗಲ್ಲದೆ ಯಾರಿಗೆ ಹೇಳಲಿ?

ಗುತ್ತಲಿನ ನಮ್ಮ ಮನೆಯ ಜಗಲಿ ನೆನಪಿದೆಯಾ? ಪಕ್ಕದ ಮನೆಯ ಹುಡುಗಿ ನನ್ನ ಹೊಸ ಸ್ಲೇಟು ಕಿತ್ತುಕೊಂಡಳು. ನಾನು ಸುಮ್ಮನೆ ಬಿಟ್ಟು ಬಂದು, ಯೇಸುಸ್ವಾಮಿ ಹೇಳಿದ ಹಾಗೇ ಮಾಡಿದೆ ಎಂದು ಬೀಗಿದೆ. "ಪ್ರೀತಿಯಿಂದ ಕೊಟ್ಯೇನವ್ವ, ಹೆದರ್ಕೊಂಡು ಕೊಟ್ಯೇನವ್ವ?" ಎಂದು ಕೇಳಿದೆ ನೀನು. "ಶಿಷ್ಯರ ಕಾಲು ತೊಳೆದೋನೂ ಅವನೇ, ದೇವಾಲಯದಲ್ಲಿ ಯಾಪಾರದೋರ ಮೇಜು ಉರುಳ್ಸಿದೋನೂ ಅವನೇ ಕಣವ್ವ" ಎಂದೂ ನೀನೇ ಹೇಳಿದೆ. ಆಗ ನನಗೇನು ಅರ್ಥವಾದೀತು...

ನೀನು ತೀರಿಹೋದ ಮೇಲೆ ಚಿಕ್ಕಪ್ಪನೇ ಸಾಕಿದ. ಯುದ್ಧದ ರೇಷನ್ ವರ್ಷಗಳಲ್ಲಿ ತನ್ನ ತಟ್ಟೆಯದನ್ನೂ ನನಗೆ ಬಡಿಸಿ, ನೀರು ಕುಡಿದು ಮರಗೆಲಸಕ್ಕೆ ಹೊರಟವನು. ಓದಿಸಿದ, ಟೀಚರ್ ಟ್ರೈನಿಂಗೂ ಮಾಡಿಸಿದ. ಮದ್ದೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು ಅನ್ನುವಷ್ಟರಲ್ಲಿ, ನನ್ನನ್ನು ಕೇಳದೆ ಮಳವಳ್ಳಿಯ ವಿಧುರರೊಬ್ಬರಿಗೆ ಮಾತು ಕೊಟ್ಟುಬಿಟ್ಟ. ಹೆಂಡತಿ ಕೆಲಸಕ್ಕೆ ಹೋಗುವುದು ಅವರಿಗೆ ಬೇಡವಂತೆ. ನಾನು ಒಲ್ಲೆ ಅಂದರೆ, "ನಿನ್ ಒಳ್ಳೇದುಕ್ಕೇ ಕಣವ್ವ, ಸುಮ್ಕಿರು" ಅನ್ನುತ್ತಿದ್ದ. ಇಂಥವನಿಗೆ ಎದುರಾಡುವುದು ಹೇಗಪ್ಪ?

ಕಳೆದ ಭಾನುವಾರ ಪಾದ್ರಿ ಅಯ್ಯನೋರು, ಮೂರು ಭಾನುವಾರ ಓದಬೇಕಾದ ಮದುವೆಯ ಪ್ರಕಟಣೆಯನ್ನು ಮೊದಲ ಸಲ ಓದಿ, ತಕರಾರಿದ್ದವರು ಹೇಳಬಹುದು ಎಂದರು. ಯಾರೂ ಹೇಳುವುದಿಲ್ಲ ಎಂದು ಗೊತ್ತಿದ್ದ ದನಿ ಅದು. ನಾನು ಸುಮ್ಮನೆ ಕೂತರೆ ಅದು ಚಿಕ್ಕಪ್ಪನ ಮೇಲಿನ ಪ್ರೀತಿಯೋ, ಬರೀ ಹೆದರಿಕೆಯೋ? ಎದ್ದೇಬಿಟ್ಟೆ. "ನಂದೇ ತಕರಾರು ಅಯ್ಯನೋರೆ. ಈ ಮದ್ವೆ ನಂಗೆ ಒಪ್ಗೆ ಇಲ್ಲ."

ಸಭೆಯ ಹಿರಿಯರೊಬ್ಬರು "ಕೂತ್ಕೊಳ್ಳಮ್ಮಿ!" ಎಂದು ಗದರಿದರು. ಕೂರಲಿಲ್ಲ ಅಪ್ಪ! ಅಯ್ಯನೋರು ಪುಸ್ತಕ ಮುಚ್ಚುವವರೆಗೂ ಕೂರಲಿಲ್ಲ.

ಮನೆಗೆ ಬಂದ ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ಕೂತ. ಮುದ್ದೆ ಬಡಿಸಿ ಪಕ್ಕದಲ್ಲಿ ಕೂತೆ.

"ನನ್ ಮಾನ ಕಳುದ್ಬುಟ್ಟಲ್ಲವ್ವ."

"ಮದ್ವೆ ಬ್ಯಾಡ ಅಂದೆ ಚಿಕ್ಕಪ್ಪ, ನಿನ್ನ ಬ್ಯಾಡ ಅನ್ನಲಿಲ್ಲ. ಉಣ್ಣು."

ಅವನು ಉಣ್ಣಲಿಲ್ಲ. ನಾನು ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ, ಎದ್ದೂ ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ, "ಸಾರು ಆರೋಯ್ತು, ಬಿಸಿ ಮಾಡು" ಎಂದ. ಒಲೆಯ ಮುಂದೆ ಕೂತು ಅತ್ತುಬಿಟ್ಟೆ ನೋಡು, ಆ ಅಳು ಸಂತೋಷಕ್ಕೆ!

ಇವತ್ತು ಎರಡನೆಯ ಭಾನುವಾರ. ಅಯ್ಯನೋರು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಎದ್ದ. "ಪ್ರಕಟಣೆ ಓದ್ಬ್ಯಾಡಿ. ಮಗೀನ ಕೇಳ್ದೆ ಮಾತು ಕೊಟ್ಟೋನು ನಾನು. ಮಳವಳ್ಳಿಗೋಗಿ ಯೋಳ್ಬುಟ್ಟು ಬಂದಿವ್ನಿ."

ಅದೇ ಹಿರಿಯರು ಗೊಣಗಿದರು: "ಎಣ್ಮಕ್ಳಿಗೆ ಇಷ್ಟು ಸಲಿಗೆ ಒಳ್ಳೇದಲ್ಲ ಕಣಯ್ಯ."

ಚಿಕ್ಕಪ್ಪ ತಿರುಗಿ ನಿಂತ. "ಕದ್ದು ಓಡೋಗ್ನಿಲ್ಲ ಕಣಯ್ಯ ನಮ್ಮಣ್ಣನ ಮಗ್ಳು. ನನ್ ಎದುರ್ಗೇ ನಿಂತು ಯೋಳವ್ಳೆ. ಆಮೇಲೆ ನಂಗೆ ಉಣ್ಣಕ್ಕಿಕ್ಕವ್ಳೆ."

ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ನಗುತ್ತಿದ್ದೆಯಾ, ಅಳುತ್ತಿದ್ದೆಯಾ?

ನಾಳೆ ಬೆಳಿಗ್ಗೆ ಮದ್ದೂರಿಗೆ ರೈಲು ಹತ್ತುತ್ತೇನೆ. ನಾನೀಗ ಟೀಚರಮ್ಮ, ಅಪ್ಪ! ಶಾಲೆಯ ಕುರ್ಚಿ ಹೇಗಿರುತ್ತದೋ ಎಂದು ಚಿಕ್ಕಪ್ಪ ತಾನೇ ಒಂದು ಮಾಡಿದ್ದಾನೆ. ಅಂಗಳದಿಂದ ಕೂಗುತ್ತಿದ್ದಾನೆ: "ಬಾರವ್ವ, ಕೂತು ನೋಡು. ಸರೀಗೈತೋ ಇಲ್ವೋ, ನೀನೇ ಯೋಳು."

ಕಿಟಕಿಯಿಂದ ನೋಡಿದರೇ ಕಾಣುತ್ತಿದೆ, ಸ್ವಲ್ಪ ಎತ್ತರವಾಗಿದೆ. ಹೇಳಿ ಬರುತ್ತೇನೆ.

ನಿನ್ನ ಮಗಳು