ಕತ್ತರಿ ಮೇಡಂ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ

ಮುದ್ದು ಪುಟ್ಟಿ,

ಹೇಗಿದ್ದೀಯಾ? ಹೊತ್ತು ಹೊತ್ತಿಗೆ ಊಟ ಮಾಡ್ತಿದ್ದೀಯಾ, ಇಲ್ಲ ಆ ವರ್ಕ್‌ಶಾಪಿನ ಬೆಂಚಿನ ಮೇಲೆ ಬಿಸ್ಕತ್ತಿನಲ್ಲೇ ದಿನ ದೂಡ್ತಿದ್ದೀಯಾ? ಇಷ್ಟು ದಿನ ಬರೆಯಲಿಲ್ಲ ಅಂತ ಬೈಯಬೇಡ. ಬರೆಯಲು ಕೂತಾಗಲೆಲ್ಲ ನನ್ನ ಪೆನ್ನಿಗೆ ಆಫೀಸಿನ ಭಾಷೆಯೇ ಬರುತ್ತಿತ್ತು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾದ ಕಾಗದಗಳನ್ನೆಲ್ಲ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ನಿನ್ನ ಕೋಣೆಯ ಫ್ಯಾನು ರಿಪೇರಿ ಮಾಡಲು ಹೊರಟು, ಅಲ್ಪಸ್ವಲ್ಪ ತಿರುಗುತ್ತಿದ್ದದ್ದನ್ನೂ ನಿಲ್ಲಿಸಿದ್ದಾರೆ. "ಮನೇಲಿ ಇಬ್ಬಿಬ್ಬರು ವಿಜ್ಞಾನಿಗಳು, ಒಂದು ಫ್ಯಾನು ತಿರುಗಲ್ಲ" ಅಂತ ಗೊಣಗಾಟ ಬೇರೆ. ಫೋನಿನಲ್ಲಿ ನೀನು ಅವರ ಜೊತೆ ನಗುವುದು ನನಗೆ ಅಡುಗೆಮನೆಯವರೆಗೂ ಕೇಳುತ್ತದೆ. "ತಡಿ, ಅಮ್ಮನಿಗೆ ಕೊಡ್ತೀನಿ" ಅಂದ ಕೂಡಲೇ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಭಾನುವಾರವೂ ಮೀಟಿಂಗ್ ಮಾಡುವ ಕಾರ್ಖಾನೆ ಅದ್ಯಾವುದಮ್ಮಾ?

ಮೊನ್ನೆ ವಿಚಾರಣೆ ಮುಗಿಯಿತು. ಗುಟ್ಟಿನ ಸಂಗತಿ ಏನೂ ಬರೆಯುತ್ತಿಲ್ಲ, ಹೆದರಬೇಡ. ಕ್ಷಿಪಣಿ ದಾರಿ ತಪ್ಪಿತು, ಆಕಾಶದಲ್ಲೇ ಒಡೆದು ಹಾಕಿದರು ಎಂಬುದು ಪೇಪರಿನಲ್ಲೇ ಬಂದಿದೆ. ಒಡೆದವಳು ಯಾರು ಅಂತ ಮಾತ್ರ ಬರೆದಿಲ್ಲ, ಅಷ್ಟು ಪುಣ್ಯ.

ಮೊದಲು ನಿನಗೆ ಸಂತೋಷದ ಸುದ್ದಿ ಹೇಳುತ್ತೇನೆ. ನೀನು ಹೇಳಿದ್ದೇ ನಿಜವಾಯಿತು. ಬಾಲದ ರೆಕ್ಕೆ ಸಿಕ್ಕಿಕೊಂಡಿದ್ದು ಹೌದು, ಆದರೆ ರೆಕ್ಕೆ ತಿರುಗಿಸಲು ನೀನು ಮಾಡಿದ ಮೋಟಾರು ಅದನ್ನು ಬಿಡಿಸಿತ್ತು. ಕ್ಷಿಪಣಿ ವಾಪಸ್ ತಿರುಗಲು ಶುರು ಮಾಡಿತ್ತು. ನಾನು ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ದಾರಿಗೆ ಬರುತ್ತಿತ್ತು ಅಂತ ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ನೀನು ಹೇಳಿದ್ದು ಸರಿ. ನಾನು ಒಡೆಯುವ ಗುಂಡಿ ಒತ್ತಿದ್ದೂ ಸರಿ. ಎರಡೂ ಹೇಗೆ ಸರಿಯಾಗುತ್ತದೆ ಎಂಬುದು ತಾನೇ ನಿನ್ನ ಸಿಟ್ಟು?

ನಿನ್ನ ವಯಸ್ಸಿನಲ್ಲಿ ನನಗೂ ಎಂಜಿನ್ ಕಟ್ಟುವ ಆಸೆಯಿತ್ತು. ಹಾಕಿದ್ದು ಸುರಕ್ಷಾ ವಿಭಾಗಕ್ಕೆ. ಅಷ್ಟೂ ಜನ ಕಟ್ಟುವವರು, ದಾರಿ ತಪ್ಪಿದರೆ ಒಡೆಯಲು ನಾನೊಬ್ಬಳು. ‘ಕತ್ತರಿ ಮೇಡಂ’ ಅಂತ ಹೆಸರೂ ಬಿತ್ತು. ಪರೀಕ್ಷೆಯ ದಿನ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ, ಕತ್ತರಿಯ ನೆರಳು ಬಿದ್ದರೆ ಕ್ಷಿಪಣಿ ಕೆಡುತ್ತದಂತೆ! ಇವರೆಲ್ಲ ಡಾಕ್ಟರೇಟ್ ಮಾಡಿದವರು ಬೇರೆ. ನೀನು ಸೇರಿ, ಪರೀಕ್ಷೆಗಳಿಗೆ ಇಲ್ಲಿಗೆ ಬರತೊಡಗಿದ ಮೇಲೆ ಮೊದಲ ಬಾರಿಗೆ ಆ ಮೇಜಿಗೆ ಜೊತೆ ಸಿಕ್ಕಿತು. ಗೇಟಿನ ಒಳಗೆ ಮೇಡಂ, ಹೊರಗೆ ಅಮ್ಮ ಎಂದು ನಾವು ಮಾಡಿಕೊಂಡ ಒಪ್ಪಂದದಂತೆ, "ಇಲ್ಲಿ ಕೂರಬಹುದಾ ಮೇಡಂ?" ಅಂತ ಗಂಭೀರವಾಗಿ ಕೇಳಿ, ಕೂತವಳೇ ನನ್ನ ತಟ್ಟೆಗೆ ಕೈ ಹಾಕಿದ್ದೆ. ಅವತ್ತು ನನಗೆ ಹೊಟ್ಟೆ ತುಂಬಿತ್ತು.

ನನ್ನ ಮೊದಲ ಮುಖ್ಯಸ್ಥರು, ನಾನು ಸೇರಿದ ವಾರವೇ, ನಕ್ಷೆಯಲ್ಲಿ ಕ್ಷಿಪಣಿ ದಾಟಬಾರದ ಕೆಂಪು ಗೆರೆಯ ಆಚೆಗಿರುವ ಆ ದಡದ ಊರಿಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಸುಮ್ಮನೆ ಸುತ್ತಾಡಿಸಿದ್ದರು. ಬಟ್ಟೆ ಒಣಹಾಕುವವರು, ಸೈಕಲ್ಲಿಗೆ ಗಾಳಿ ಹೊಡೆಯುವವರು, ಬಾಗಿಲಲ್ಲಿ ನಿಂತು ಜಗಳವಾಡುವ ಅತ್ತೆ ಸೊಸೆ. ಬೇರೇನೂ ತೋರಿಸಲಿಲ್ಲ. "ಗೆರೆ ಎಳೆಯೋದು ಹಿಂದಿನ ದಿನ, ಎಲ್ಲರೂ ಕೂತು, ಸಮಾಧಾನವಾಗಿ. ಒತ್ತೋ ಹೊತ್ತಲ್ಲಿ ಯೋಚನೆ ಮಾಡ್ಬಾರದಮ್ಮ. ಆಗ ಎಲ್ಲಾ ಕ್ಷಿಪಣಿನೂ ವಾಪಸ್ ಬರೋ ಹಾಗೇ ಕಾಣುತ್ತೆ" ಅಂದಿದ್ದರು. ಈ ಸಲದ ಗೆರೆ ಎಳೆಯುವಾಗ ನಿನ್ನ ತಂಡದವರೂ ಕೂತಿದ್ದರು, ನೀನೂ ಕೂತಿದ್ದೆ. ಇಷ್ಟು ವರ್ಷ ಪ್ರತಿ ಪರೀಕ್ಷೆಗೂ ಗುಂಡಿಯ ಪಕ್ಕ ಬೆರಳಿಟ್ಟು ಕಾದಿದ್ದೇನೆ, ಒಮ್ಮೆಯೂ ಒತ್ತುವ ಪ್ರಸಂಗ ಬರಲಿಲ್ಲ. ಬಂದದ್ದು ನಿನ್ನ ಮೊದಲ ಮೋಟಾರು ಹಾರಿದ ದಿನ. ನನ್ನ ಹಣೆಬರಹಕ್ಕೆ ಏನನ್ನಲಿ!

ಇನ್ನು ನಿನ್ನ ಕೂಗಿನ ವಿಷಯ. ಕ್ಷಿಪಣಿ ಹಾರುತ್ತಿರುವಾಗ ನನ್ನ ಹೆಡ್‌ಫೋನಿನ ಲೈನಿನಲ್ಲಿ ಬೇರೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ನೀನು ಬಿಚ್ಚಿದೆ, ಟೇಪಿನಲ್ಲಿ ಬಂದಿದೆ. ಸಮಿತಿಯ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಒಳ್ಳೆಯ ಮಾತಿನಲ್ಲೇ ಹೇಳಿದರು: "ನೋಡಿ ಮೇಡಂ, ವಾಪಸ್ ಬರ್ತಿದ್ದ ಕ್ಷಿಪಣಿನ ಯಾಕೆ ಒಡೆದ್ರಿ ಅಂತ ಮೇಲಿನವರು ಕೇಳ್ತಾರೆ. ಹುಡುಗಿ ಕೂಗಿದ್ದಕ್ಕೆ ಗಾಬರಿಯಾಗಿ ಒತ್ತಿಬಿಟ್ಟೆ ಅಂತ ಒಂದು ಸಾಲು ಬರ್ಕೊಡಿ. ಅವಳಿಗೊಂದು ಎಚ್ಚರಿಕೆ ಕೊಟ್ಟು ಮುಗಿಸ್ತೀವಿ. ಇಲ್ಲಾಂದ್ರೆ ಮುಂದಿನ ಸಲ ಆ ಕುರ್ಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ."

"ಗಾಬರಿ ಆಗ್ಲಿಲ್ಲ ಸರ್" ಅಂದೆ. "ಕೂಗು ಕೇಳಿಸ್ತು. ಕೇಳಿಸಿದ ಮೇಲೇ ಒತ್ತಿದೆ. ಗೆರೆ ದಾಟಿತ್ತು. ನಾಳೆ ದಾಟಿದ್ರೂ ಒತ್ತುತ್ತೀನಿ." ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅದನ್ನೇ ಬರೆದು ಸಹಿ ಹಾಕಿ ಕೊಟ್ಟೆ. ನಿನ್ನನ್ನು ಉಳಿಸಲು ಹೀಗೆ ಮಾಡಿದೆ ಅಂದುಕೊಳ್ಳಬೇಡ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನಡೆದದ್ದೇ ಅದು. ತೀರ್ಮಾನ ಇನ್ನೂ ಬಂದಿಲ್ಲ. ಕುರ್ಚಿ ಹೋದರೆ ಹೋಗಲಿ, ಸುಳ್ಳು ಬರೆದು ಅಲ್ಲಿ ಕೂರಲು ನನ್ನಿಂದಾಗದು. ಉಳಿದರೆ, ಮುಂದಿನ ಪರೀಕ್ಷೆಗೂ ನಾನೇ ಕೂರುತ್ತೇನೆ. ಗೆರೆ ದಾಟಿದರೆ ಅದೇ ಬೆರಳು, ಅದೇ ಗುಂಡಿ. ದಾಟದ ಹಾಗೆ ರೆಕ್ಕೆಯ ಮೋಟಾರು ಮಾಡುವುದು ನಿನ್ನ ಕೆಲಸ, ನೀನು ಮಾಡೇ ಮಾಡುತ್ತೀಯ. ಆ ಹಟ ಯಾರಿಂದ ಬಂತು ಅಂತ ನಿಮ್ಮಪ್ಪನನ್ನು ಕೇಳು, ಬೇಜಾರಿಲ್ಲದೆ ಹೇಳುತ್ತಾರೆ.

ಆರೋಗ್ಯ ನೋಡಿಕೋ. ಕೆಲಸದಲ್ಲಿ ತಲೆ ಎತ್ತಿ ನಿಲ್ಲು, ನಿನ್ನ ಕೈಯಿಂದ ಹೊರಟದ್ದೆಲ್ಲ ನೇರ ದಾರಿಯಲ್ಲಿ ಹೋಗಲಿ. ನೂರು ಕಾಲ ಸುಖವಾಗಿರು ಕಂದಾ.

ನಿನ್ನ
ಅಮ್ಮ

ಬರೆಯಲೋ ಬೇಡವೋ ಅಂತಿದ್ದ ಒಂದು ಮಾತು: ನಮ್ಮ ಒಪ್ಪಂದ ನಿನ್ನ ಬಾಯಲ್ಲಿ ತಪ್ಪಿದ್ದು ಒಂದೇ ಸಲ, ಅವತ್ತು ಹೆಡ್‌ಫೋನಿನಲ್ಲಿ. "ಅಮ್ಮಾ, ತಡಿ!" ಅಂತ ಕೂಗಿದ್ದೆ. ಆ ಸಂಜೆಯಿಂದ ನಾನು ಮನೆಯೊಳಗೂ ಮೇಡಂ ಆದೆ. ನಿನ್ನ ವರ್ಕ್‌ಶಾಪಿನ ಊರಿಗೆ ಹೊರಟು ಚಪ್ಪಲಿ ಮೆಟ್ಟುತ್ತಾ ನೀನು "ಬರ್ತೀನಿ ಮೇಡಂ" ಅಂದಾಗ ನಿಮ್ಮಪ್ಪ ತಮಾಷೆ ಅಂದುಕೊಂಡು ನಕ್ಕರು. ವಿಚಾರಣೆಯಲ್ಲಿ ಆ ಟೇಪು ಹಾಕಿದರು. "ಕೂಗಿಗೂ ಗುಂಡಿಗೂ ನಡುವೆ ಎಷ್ಟು ಹೊತ್ತು ಅಂತ ಸರಿಯಾಗಿ ತಿಳೀಲಿಲ್ಲ, ಇನ್ನೊಂದು ಸಲ ಹಾಕಿ" ಅಂತ ನಾನೇ ಕೇಳಿದೆ. ಹಾಕಿದರು. ಎಷ್ಟು ಹೊತ್ತು ಎಂಬುದು ನನಗೆ ಮೊದಲ ಸಲವೇ ತಿಳಿದಿತ್ತು ಪುಟ್ಟಿ.