ಹಲ್ಲು ಕದಿಯೋಕೆ ಯಾರು ಬರ್ತಾರೆ?

ಮಂಗಳವಾರ, ಸಂಜೆ

ಡಾಕ್ಟರ್ ಸಾಹೇಬರಿಗೆ,

ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ವಿಚ್ಛೇದನಕ್ಕೆ ಸಹಿ ಹಾಕಿ ಎಂದು ನಿಮ್ಮ ವಕೀಲರು ಕಳಿಸಿದ ಕಾಗದ ತಲುಪಿತು. ಈ ಪತ್ರ ಅದಕ್ಕೆ ಉತ್ತರವಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಂಡನಿಗಲ್ಲ, ಹಲ್ಲಿನ ಡಾಕ್ಟರಿಗೆ. ಹರಿದು ಹಾಕುವ ಮುಂಚೆ ಪೂರ್ತಿ ಓದಿ.

ಮೊನ್ನೆ ನಿಮ್ಮ ರಸ್ತೆಯಲ್ಲಿ ಹೋಗುತ್ತಿದ್ದೆ. ಬೇರೆ ಕೆಲಸವಿತ್ತು, ನಿಮ್ಮನ್ನು ನೋಡುವುದಕ್ಕಲ್ಲ. ಕ್ಲಿನಿಕ್ಕಿನ ಎದುರು ಬರುತ್ತಿದ್ದಂತೆ ನನ್ನ ಫೋನು ತಾನಾಗಿಯೇ ನಿಮ್ಮ ವೈಫೈಗೆ ಸೇರಿಕೊಂಡುಬಿಟ್ಟಿತು. ನಾವಿಬ್ಬರು ಮುನಿಸಿಕೊಂಡರೂ ಅವೆರಡು ಮುನಿಸಿಕೊಂಡಿಲ್ಲ ನೋಡಿ! ತಕ್ಷಣ ಆಫ್ ಮಾಡಿದೆ. ಅಂದರೆ, ನಾನು ಸ್ಟೂಲಿನ ಮೇಲೆ ನಿಂತು ಗೋಡೆಗೆ ಹಾಕಿದ ಆ ವೈಫೈ ಡಬ್ಬಿಗೆ ಇನ್ನೂ ಅದೇ ಪಾಸ್‌ವರ್ಡ್, ಕಂಪನಿಯವರು ಡಬ್ಬಿಯ ತಳದಲ್ಲೇ ಅಂಟಿಸಿ ಕೊಟ್ಟದ್ದು. ಅಲ್ಲಿಂದ ನಿಮ್ಮ ಕಂಪ್ಯೂಟರುಗಳಿಗೆ ನುಗ್ಗುವುದು ಬಲ್ಲವರಿಗೆ ನೀರು ಕುಡಿದಷ್ಟು ಸುಲಭ. ಆಗಲೇ ಬದಲಾಯಿಸೋಣ ಎಂದಿದ್ದೆ. ಹಲ್ಲು ಕದಿಯೋಕೆ ಯಾರು ಬರ್ತಾರೆ ಅಂತ ನಕ್ಕಿರಿ.

ಹಲ್ಲಲ್ಲ ಡಾಕ್ಟರೇ! ನಿಮ್ಮನ್ನು ನಂಬಿ ಬಂದವರ ಕಾಯಿಲೆ, ವಿಳಾಸ, ಫೋನ್ ನಂಬರು ಎಲ್ಲ ಆ ಕಂಪ್ಯೂಟರುಗಳಲ್ಲಿದೆ. ನಾನು ಸೇರಿದ ಕಂಪ್ಯೂಟರ್ ಭದ್ರತೆಯ ಕ್ಲಾಸಿಗೆ ಒಬ್ಬ ಕಣ್ಣಿನ ಡಾಕ್ಟರು ಬಂದಿದ್ದರು. ಅವರ ಕಂಪ್ಯೂಟರಿಗೆ ನುಗ್ಗಿದ ಕಳ್ಳರು, ದುಡ್ಡು ಕೊಟ್ಟರೆ ಮಾತ್ರ ತೆಗೆಯುತ್ತೇವೆಂದು ರೋಗಿಗಳ ದಾಖಲೆಗಳಿಗೆಲ್ಲ ಬೀಗ ಜಡಿದು ಕೂತಿದ್ದರಂತೆ. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟರು. ನಿಮಗೆ ಆ ಗತಿ ಬರಬಾರದು. ಎಷ್ಟೇ ಸಿಡುಕಿದರೂ ನೀವು ಒಳ್ಳೆಯ ಡಾಕ್ಟರು.

ಈ ವಯಸ್ಸಲ್ಲಿ ನಿನಗ್ಯಾಕೆ ಕಳ್ಳರ ವಿದ್ಯೆ, ಸುಮ್ನೆ ಕೌಂಟರಲ್ಲಿ ಕೂತು ಚೀಟಿ ಬರಿ ಅಂದಿರಲ್ಲ, ಆ ಮಾತಿಗೇ ನಾನು ಮನೆ ಬಿಟ್ಟದ್ದು. ಹೌದು, ಕಳ್ಳರ ವಿದ್ಯೆಯೇ. ಕಳ್ಳ ಎಲ್ಲಿಂದ ನುಗ್ಗುತ್ತಾನೆ ಎಂದು ಗೊತ್ತಿಲ್ಲದವಳು ಕಾಯುವುದಾದರೂ ಹೇಗೆ? ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬಂದೆ, ಹೊಟ್ಟೆ ಉರಿದರೆ ಮಜ್ಜಿಗೆ ಕುಡಿಯಿರಿ. ಆದರೆ ನಮ್ಮ ಮೇಡಂ ಮೊದಲ ಪಾಠದಲ್ಲೇ ಹೇಳಿದ್ದು ಒಂದೇ ಮಾತು: ಮಾಲೀಕರು ಒಪ್ಪಿ ಸಹಿ ಹಾಕುವವರೆಗೆ, ಬಾಗಿಲು ತೆರೆದೇ ಇದ್ದರೂ ಒಳಗೆ ಕಾಲಿಡಬಾರದು.

ಮೊನ್ನೆ ಎದುರಿನ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ನಿಮ್ಮ ಮೇಲ್ ತೆರೆದು, ಈಗ ನಿಮ್ಮ ಮನಸ್ಸಿನಲ್ಲಿ ಯಾರಿದ್ದಾರೆ ಎಂದು ನೋಡಿಬಿಡಬಹುದಿತ್ತು. ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ಮುಟ್ಟಲಿಲ್ಲ.

ಅನುಮತಿ ಪತ್ರ ಇದರ ಜೊತೆಗಿದೆ. ಸಹಿ ಹಾಕಿ ಕಳಿಸಿ, ಎಲ್ಲವನ್ನೂ ಭದ್ರ ಮಾಡಿಕೊಡುತ್ತೇನೆ. ಫೀಸಿನಲ್ಲಿ ರಿಯಾಯಿತಿ ಇಲ್ಲ.

ಇಂತಿ,
ನೀವೇ ಹೆಸರಿಟ್ಟ ಬಾಯಿಬಡುಕಿ

ತಾ.ಕ.: ಲಕೋಟೆಯಲ್ಲಿ ಇನ್ನೊಂದು ಕಾಗದವೂ ಇದೆ, ನಿಮ್ಮ ವಕೀಲರದ್ದು. ಸಹಿ ಹಾಕದೆ ವಾಪಸ್ಸು ಕಳಿಸಿದ್ದೇನೆ. ಮನೆಯ ಹಿಂಬಾಗಿಲ ಕೀಲಿ ಇನ್ನೂ ನನ್ನ ಹತ್ತಿರವೇ ಇದೆ. ಆದರೂ ನೀವಾಗಿ ಬಾ ಅನ್ನುವವರೆಗೆ ಆ ಹೊಸ್ತಿಲು ದಾಟುವುದಿಲ್ಲ. ಆ ಅನುಮತಿಗೆ ಸಹಿ ಬೇಡ, ಒಂದು ಮಾತು ಸಾಕು. ಬೆಳಗಿನಿಂದ ಸಂಜೆವರೆಗೆ ಊರವರಿಗೆಲ್ಲ ಬಾಯಿ ತೆರೆಯಿರಿ ಅನ್ನುತ್ತೀರಲ್ಲ, ಒಂದು ಸಲ ನೀವೂ ತೆರೆಯಿರಿ.